ಗುರುಗಳ ಕವನ ಸಂಕಲನಕ್ಕೆ ವಿಮರ್ಶೆ ಬರೆದೆ, ಅವರು ಮಾತು ಬಿಟ್ಟರು. ಇನ್ನು ಬರೆಯಲೋ ಬೇಡವೋ?

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರ ಹೈಸ್ಕೂಲ್ ಶಿಕ್ಷಕಿ. ಬಿಡುವಿದ್ದಾಗ ಪುಸ್ತಕ, ನಾಟಕಗಳ ಬಗ್ಗೆ ಇಲ್ಲಿನ ಪತ್ರಿಕೆಗೆ ಬರೆಯುತ್ತೇನೆ. ಇತ್ತೀಚೆಗೆ ಒಂದು ಕವನ ಸಂಕಲನಕ್ಕೆ ವಿಮರ್ಶೆ ಬರೆದೆ. ಕವಿ ನನಗೆ ಕನ್ನಡ ಕಲಿಸಿದ ಗುರುಗಳು. ತುಂಬಾ ಮೆಚ್ಚಿಯೇ ಬರೆದಿದ್ದೆ. ಕೊನೆಯಲ್ಲಿ ಮಾತ್ರ 'ಅರ್ಧದಷ್ಟು ಕವಿತೆಗಳು ಭಾಷಣದಂತಿವೆ, ಭಾಷೆ ಅಲ್ಲಲ್ಲಿ ಅಶುದ್ಧವಾಗಿದೆ' ಎಂದಿದ್ದೆ. ಗುರುಗಳು ಮಾತು ಬಿಟ್ಟಿದ್ದಾರೆ. ಅವರ ಇನ್ನೊಬ್ಬ ಶಿಷ್ಯರು ಫೋನ್ ಮಾಡಿ, 'ನೀವೊಂದು ಕವಿತಾ ಬರದೀರೇನ್ರೀ? ಮಾನನಷ್ಟದ ಕೇಸ್ ಹಾಕ್ತೀವಿ' ಅಂದರು. ಸಾಹಿತ್ಯದ ಗೆಳೆಯರು, 'ನಮ್ಮ ಭಾಗದಾಗ ಬರಿಯೋರೇ ಕಮ್ಮಿ, ಇದ್ದವರ ಬೆನ್ನು ತಟ್ಟಬೇಕು' ಅನ್ನುತ್ತಾರೆ. ಬರುವ ತಿಂಗಳು ಕಲಬುರಗಿಯಲ್ಲಿ ಒಂದು ಹವ್ಯಾಸಿ ತಂಡದ ನಾಟಕವಿದೆ, ಅದರ ಬಗ್ಗೆ ಬರೆಯಲು ಪತ್ರಿಕೆಯವರು ಕೇಳಿದ್ದಾರೆ. ಬರೆಯಲೋ ಬಿಡಲೋ ತಿಳಿಯುತ್ತಿಲ್ಲ. ನನ್ನ ವಿಮರ್ಶೆಯ ಪ್ರತಿ ಜೊತೆಗಿಟ್ಟಿದ್ದೇನೆ.

ಉತ್ತರ: ಮೇಡಂ, ಪ್ರತಿ ಕಳಿಸಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಾನೂ ಊಹೆಯ ಮೇಲೆ ಉಪದೇಶ ಮಾಡಬೇಕಿತ್ತು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಲೇ ಬಹಳ ಕಾಲ ಒಂದು ಪತ್ರಿಕೆಯ ಪುಸ್ತಕ ಪುಟ ನೋಡಿಕೊಂಡವನು ನಾನು. ನಿಮ್ಮಂಥ ಪತ್ರಗಳು ನನಗೆ ಹೊಸದಲ್ಲ.

ಗುರುಗಳ ಮನಸ್ಸು ನೋಯಿಸಿದೆನಲ್ಲ ಎಂಬ ಸಂಕಟ ನಿಮಗಿದೆ. ಕೇಸಿನ ಹೆದರಿಕೆಯೂ ಇದೆ. ಇವೆರಡರ ಕೆಳಗೆ, ವಿಮರ್ಶೆ ಬರೆಯುವ ಯೋಗ್ಯತೆ ನನಗಿದೆಯಾ ಎಂಬ ಅನುಮಾನ ಕೂತಿದೆ. ಕೇಸಿನದು ಸುಲಭ, ಮೊದಲು ಅದನ್ನು ಮುಗಿಸೋಣ.

ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. 2024ರ ಜುಲೈ 1ರವರೆಗೆ ಇದೇ ವಿಷಯ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 499, 500ರಲ್ಲಿತ್ತು. ಈ ಕಲಮಿಗೆ ಹತ್ತು ವಿನಾಯಿತಿಗಳಿವೆ. ಆರನೆಯದು ವಿಮರ್ಶಕರಿಗಾಗಿಯೇ ಬರೆದಂತಿದೆ. ಕರ್ತೃ ತಾನಾಗಿ ಜನರ ತೀರ್ಪಿಗೆ ಒಪ್ಪಿಸಿದ ಕೃತಿಯ ಗುಣದೋಷದ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳಿದರೆ ಅದು ಮಾನನಷ್ಟವಲ್ಲ. ಪುಸ್ತಕ ಪ್ರಕಟಿಸಿದವರು, ಸಾರ್ವಜನಿಕ ವೇದಿಕೆ ಹತ್ತಿದ ನಟರು, ಗಾಯಕರು ಎಲ್ಲರೂ ತಮ್ಮ ಕೆಲಸವನ್ನು ಜನರ ತೀರ್ಪಿಗೆ ಇಟ್ಟವರೇ ಎಂದು ಅಲ್ಲೇ ವಿವರಣೆ ಇದೆ. ಒಂದು ಉದಾಹರಣೆಯಂತೂ ವಿಮರ್ಶೆಯ ತರಗತಿಯಲ್ಲಿ ಪಾಠ ಮಾಡುವಂತಿದೆ. 'ಈ ಪುಸ್ತಕ ಪೆದ್ದುಪೆದ್ದಾಗಿದೆ, ಬರೆದವರು ದುರ್ಬಲ ಮನಸ್ಸಿನವರಿರಬೇಕು' ಅಂದರೆ ವಿನಾಯಿತಿ ಸಿಗುತ್ತದೆ. ಆ ಮಾತು ಪುಸ್ತಕ ಓದಿ ಹುಟ್ಟಿದ್ದು. 'ಅವನೊಬ್ಬ ದುರ್ಬಲ, ಲಂಪಟ. ಅವನ ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯವೇನು' ಅಂದರೆ ಸಿಗುವುದಿಲ್ಲ. ಅಲ್ಲಿ ಪುಸ್ತಕ ಬರೀ ನೆಪ.

ನಿಮ್ಮ ಬರಹದಲ್ಲಿ ಗುರುಗಳ ನಡತೆ, ಜಾತಿ, ಸಂಸಾರ, ಪ್ರಶಸ್ತಿಯ ಓಡಾಟ ಯಾವುದರ ಬಗ್ಗೆಯೂ ಒಂದಕ್ಷರ ಇಲ್ಲ. ಧೈರ್ಯವಾಗಿರಿ. ಕೇಸ್ ಯಾರು ಬೇಕಾದರೂ ಹಾಕಬಹುದು, ಅದು ಬೇರೆ ಮಾತು. ಗೆದ್ದರೂ ಓಡಾಟ ತಪ್ಪುವುದಿಲ್ಲ. ನೋಟಿಸ್ ಬಂದರೆ ವಕೀಲರಿಗೆ ತೋರಿಸಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಉತ್ತರ ಕೊಡಲು ಹೋಗಬೇಡಿ. ವಿಮರ್ಶೆಯಲ್ಲಿ ಗೀಟು ದಾಟದವರೂ ಸಿಟ್ಟಿನಲ್ಲಿ ಬರೆದ ಅಂಥ ಉತ್ತರದಲ್ಲಿ ದಾಟಿಬಿಡುತ್ತಾರೆ.

ಈಗ ನಿಮ್ಮ ವಿಮರ್ಶೆಗೆ ಬರೋಣ. ಎರಡು ಸಲ ಓದಿದೆ. ಗುರುಗಳು ಸಿಟ್ಟಾದ ವಾಕ್ಯ ನನಗೂ ಇಷ್ಟವಾಗಲಿಲ್ಲ. ಅದು ಕಟುವಾಯಿತು ಅಂತಲ್ಲ. 'ಅರ್ಧದಷ್ಟು ಕವಿತೆಗಳು ಭಾಷಣದಂತಿವೆ' ಅಂದಿರಿ. ಯಾವ ಕವಿತೆ? ಯಾವ ಸಾಲು? ಎಲ್ಲಿಯವರೆಗೆ ಅದು ಕವಿತೆ, ಎಲ್ಲಿಂದ ಭಾಷಣ? ಒಂದು ಸಾಲನ್ನೂ ನೀವು ಎತ್ತಿ ತೋರಿಸಿಲ್ಲ. ಹಾಗಾಗಿ ಓದುಗರ ಕೈಯಲ್ಲಿ ನಿಮ್ಮ ತೀರ್ಪು ಮಾತ್ರ ಉಳಿಯಿತು. ತಾಳೆ ನೋಡಲು ಏನೂ ಸಿಗದಿದ್ದಾಗ ಕವಿ ನಿಮ್ಮ ಮುಖ ನೆನಪು ಮಾಡಿಕೊಳ್ಳುತ್ತಾರೆ, 'ಇವಳಿಗೆ ನಾನೇ ಕಲಿಸಿದ್ದು' ಅಂದುಕೊಳ್ಳುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಸಾಲುಗಳು ನಾನೇ ಈಗ ಕಟ್ಟಿದ್ದು, ಯಾರ ಪುಸ್ತಕದ್ದೂ ಅಲ್ಲ.

ತೊಗರಿ ಒಕ್ಕಿದ ಮ್ಯಾಲ ಅವ್ವ
ಸೆರಗು ಝಾಡಿಸಿದಳು, ನಾಲ್ಕು ಕಾಳು ಬಿದ್ದವು.
ಓ ತಾಯೇ, ನೀನು ತ್ಯಾಗದ ಮೂರ್ತಿ!

ಇದಕ್ಕೆ 'ಭಾಷಣದಂತಿದೆ' ಎಂದು ಬರೆದರೆ ಕವಿಗೆ ಅನ್ಯಾಯ. 'ತಾಯಿಯ ತ್ಯಾಗವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ' ಎಂದರೂ ಅಷ್ಟೇ ಅನ್ಯಾಯ. ಮೊದಲ ಎರಡು ಸಾಲು ನೋಡಿ. ಹೊಲ ಯಾರದು? ಆ ನಾಲ್ಕು ಕಾಳು ಸೆರಗಿಗೆ ತಾವಾಗಿ ಸಿಕ್ಕಿಕೊಂಡವೋ, ಅವ್ವನೇ ಗಂಟು ಹಾಕಿಕೊಂಡಿದ್ದಳೋ? ಸೆರಗು ಝಾಡಿಸುವಾಗ ಎದುರಿಗೆ ಹೊಲದ ಮಾಲೀಕ ನಿಂತಿದ್ದನಾ? ಅಥವಾ ಮನೆಗೆ ಬಂದ ಮೇಲೆ, ಮಕ್ಕಳ ಮುಂದೆ ಝಾಡಿಸಿದಳಾ? ಕವಿ ಏನನ್ನೂ ಹೇಳಿಲ್ಲ, ಓದುವವರಿಗೆ ಮಾತ್ರ ಎಲ್ಲವೂ ಹೊಳೆಯುತ್ತದೆ. ಇಷ್ಟಾದ ಮೇಲೆ ಮೂರನೇ ಸಾಲು ಬಂದು, ಬಾಗಿಲು ಹಾಕಿ, ಎಲ್ಲರೂ ಕೈ ಮುಗಿಯಿರಿ ಅನ್ನುತ್ತದೆ. ಆ ಅವ್ವ ಹೋದಳು, ಕ್ಯಾಲೆಂಡರಿನ ತಾಯಿ ಬಂದಳು.

ಇದನ್ನೇ ಬರೆಯಿರಿ. 'ಎರಡನೇ ಸಾಲಿಗೆ ಕವಿತೆ ಮುಗಿದಿತ್ತು. ಮೂರನೆಯದನ್ನು ಕವಿ ಸಭೆಗಾಗಿ ಬರೆದಿದ್ದಾರೆ.' ನೋವಂತೂ ಆಗುತ್ತದೆ. ಆದರೆ ಕವಿ ಪುಸ್ತಕ ತೆಗೆದು ಆ ಪುಟ ನೋಡಬಹುದು. ಒಪ್ಪದಿದ್ದರೆ ವಾದ ಮಾಡಬಹುದು. ಎರಡು ಸಾಲಿನ ಮಟ್ಟಿಗಾದರೂ ಇವಳು ನನ್ನನ್ನು ಕೂತು ಓದಿದ್ದಾಳೆ ಎಂದು ಅವರಿಗೆ ಗೊತ್ತಾಗುತ್ತದೆ. ನಮ್ಮ ಕಡೆ ಕವಿಗಳಿಗೆ ಹಾರ, ಶಾಲು ಬೇಕಾದಷ್ಟು ಸಿಗುತ್ತವೆ. ಕೂತು ಓದುವವರೇ ಸಿಗುವುದಿಲ್ಲ.

ಇನ್ನು ನಿಮ್ಮ ಮೆಚ್ಚುಗೆಯ ಭಾಗ. 'ಮಣ್ಣಿನ ವಾಸನೆ ಸೂಸುವ ಕವಿತೆಗಳು', 'ಸಮಾಜಮುಖಿ ಚಿಂತನೆ', 'ಓದಿಸಿಕೊಂಡು ಹೋಗುವ ಗುಣ'. ಇದಕ್ಕೂ ಪುರಾವೆ ಇಲ್ಲ. ಹೊಗಳಿಕೆಗೆ ಯಾರೂ ಲೆಕ್ಕ ಕೇಳುವುದಿಲ್ಲ, ಅದಕ್ಕೇ ಜಗಳ ಆಗಲಿಲ್ಲ. ಪುಟ ನೋಡಿಕೊಳ್ಳುವಾಗ ನಾನು ಮಾಡುತ್ತಿದ್ದ ಪರೀಕ್ಷೆ ಒಂದಿದೆ. ಲೇಖನದಲ್ಲಿ ಪುಸ್ತಕದ ಹೆಸರು, ಕವಿಯ ಹೆಸರು ಎರಡನ್ನೂ ಕೈಯಿಂದ ಮುಚ್ಚಿ ಓದುವುದು. ಉಳಿದ ವಾಕ್ಯಗಳು ಇನ್ನೊಂದು ಪುಸ್ತಕಕ್ಕೂ ಹೊಂದಿದರೆ ಅವನ್ನು ಹೊಡೆದು ಹಾಕುತ್ತಿದ್ದೆ. ಕೆಲವು ಲೇಖನಗಳಲ್ಲಿ ಬೆಲೆ ಮತ್ತು ಪುಟಗಳ ಸಂಖ್ಯೆ ಬಿಟ್ಟು ಏನೂ ಉಳಿಯುತ್ತಿರಲಿಲ್ಲ!

ಯಾಕೆ ಹೀಗಾಗುತ್ತದೆ? ನಮ್ಮಲ್ಲಿ ಪುಸ್ತಕ ಬರುವ ದಾರಿಯಲ್ಲೇ ಅದಕ್ಕೆ ಕಾರಣವಿದೆ. ಎಷ್ಟೋ ಕವಿಗಳು ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸುತ್ತಾರೆ. ಬಿಡುಗಡೆಯ ದಿನ ಕೃತಿ ಪರಿಚಯಕ್ಕೆ ಗೆಳೆಯರನ್ನೇ ಕರೆಯುತ್ತಾರೆ. ಪುಸ್ತಕ ಕೈಗೆ ಬರುವುದು ಹಿಂದಿನ ರಾತ್ರಿ. ಮುನ್ನುಡಿ, ಬೆನ್ನುಡಿ ಓದಿಕೊಂಡು ಗೆಳೆಯರು ಮಾತಾಡುತ್ತಾರೆ. ಆ ಮಾತೇ ಮುಂದಿನ ವಾರ ವಿಮರ್ಶೆ ಎಂಬ ಹೆಸರಿನಲ್ಲಿ ಅಚ್ಚಾಗುತ್ತದೆ. ಆರು ತಿಂಗಳಲ್ಲಿ ಆ ಗೆಳೆಯರ ಪುಸ್ತಕ ಬರುತ್ತದೆ, ಈ ಕವಿ ಮೈಕಿನ ಮುಂದೆ ನಿಲ್ಲುತ್ತಾರೆ. ಯಾರೂ ಕೆಟ್ಟವರಲ್ಲ. ಆದರೆ ಮುನ್ನುಡಿ ಬರೆಯುವವರು ಮನೆಯ ನೆಂಟರಿದ್ದಂತೆ, ವಿಮರ್ಶೆ ಬರೆಯುವವರು ಓದುಗರ ಕಡೆಯವರು. ಎರಡೂ ಪಾತ್ರ ಒಬ್ಬರೇ ಮಾಡಿದಾಗ, ವಿಮರ್ಶೆಯಲ್ಲಿ ಬರುವ ಒಂದೇ ಒಂದು ಟೀಕೆಯ ವಾಕ್ಯ ಮೋಸದಂತೆ ಕಾಣುತ್ತದೆ. ನಿಮಗೆ ಆಗಿದ್ದೂ ಇದೇ. ಪರಿಚಯದ ದನಿಯಲ್ಲಿ ಶುರು ಮಾಡಿ, ಕೊನೆಯ ಪ್ಯಾರಾದಲ್ಲಿ ವಿಮರ್ಶಕಿಯಾದಿರಿ. ಗುರುಗಳು ಹಾರಕ್ಕೆ ಕತ್ತು ಬಗ್ಗಿಸಿದಾಗ ಏಟು ಬಿತ್ತು.

'ನಮ್ಮ ಭಾಗದಾಗ ಬರಿಯೋರೇ ಕಮ್ಮಿ' ಎಂಬ ಮಾತಿಗೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಹಿಂದುಳಿದ ಭಾಗ, ಅದಕ್ಕೆ ರಿಯಾಯಿತಿ ಕೊಡಿ ಎನ್ನುವುದನ್ನು ಸಾಹಿತ್ಯಕ್ಕೂ ತಂದು ಅಂಟಿಸಿದ್ದಾರೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕ ಯಾವುದು? ಕವಿರಾಜಮಾರ್ಗ. ಹುಟ್ಟಿದ್ದು ಕ್ರಿ.ಶ. 850ರ ಸುಮಾರಿಗೆ, ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡ. ಆ ಪುಸ್ತಕದಲ್ಲಿ ಕತೆಯಿಲ್ಲ, ಪುರಾಣವಿಲ್ಲ. ಕಾವ್ಯ ಹೇಗಿರಬೇಕು, ಎಲ್ಲಿ ಕೆಡುತ್ತದೆ ಎಂಬ ವಿಚಾರ ಇದೆ. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದೇ ದೋಷಗಳ ಬಗ್ಗೆ. ದೋಷ ಇದೆ ಎಂದು ಸುಮ್ನೆ ಹೇಳಿ ಬಿಟ್ಟಿಲ್ಲ. ದೋಷವಿರುವ ಪದ್ಯ ಕೊಟ್ಟು, ಅದನ್ನು ತಿದ್ದಿದರೆ ಹೇಗಾಗುತ್ತದೆ ಎಂದೂ ತೋರಿಸುತ್ತದೆ. ಕಾಗಿಣಾ ನದಿ ದಂಡೆಯ ಆ ಊರಲ್ಲಿ ಅಷ್ಟು ಹಿಂದೆಯೇ ಸಾಲು ಹಿಡಿದು ತಪ್ಪು ತೋರಿಸಿದ್ದಾರೆ. ಈಗ ನಾವು 'ಪಾಪ, ನಮ್ಮವರು, ಹೊಗಳಿಬಿಡಿ' ಅಂದರೆ ಹೇಗೆ? ರಿಯಾಯಿತಿ ಕೊಟ್ಟು ಓದಿದ ಪುಸ್ತಕ ಧಾರವಾಡದಲ್ಲೋ ಮೈಸೂರಿನಲ್ಲೋ ಅಪರಿಚಿತರ ಕೈಗೆ ಹೋದಾಗ ಕವಿಗೆ ಆಗುವ ಮುಖಭಂಗ ದೊಡ್ಡದು.

ಹೊಸಬರ ಮೊದಲ ಪುಸ್ತಕಕ್ಕೆ ಕರುಣೆ ಬೇಡವಾ? ಬೇಕು. ಸಂಕಲನದಲ್ಲಿ ಒಂದೇ ಒಳ್ಳೆಯ ಕವಿತೆ ಇದ್ದರೆ ಅದನ್ನು ಹಿಡಿದು ಮುಕ್ಕಾಲು ಲೇಖನ ಬರೆಯಿರಿ. ಏನೂ ಸಿಗದಿದ್ದರೆ, ಬರೆಯುವುದಿಲ್ಲ ಎಂದು ಪುಸ್ತಕ ಪತ್ರಿಕೆಗೆ ವಾಪಸ್ ಕೊಡಿ. ಹೊಸಬರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಬೈಯುವುದರಿಂದ ಓದುಗರಿಗೂ ಲಾಭವಿಲ್ಲ. ಪ್ರಶಸ್ತಿ ಪಡೆದವರ, ಪಠ್ಯವಾದವರ ಪುಸ್ತಕದ ಮಾತು ಬೇರೆ. ಅಲ್ಲಿ ಸುಮ್ಮನಿರುವುದು ಓದುಗರಿಗೆ ಮಾಡುವ ಅನ್ಯಾಯ. ನಿಮ್ಮ ಗುರುಗಳು ಈ ಎರಡನೇ ಗುಂಪಿನವರು ಎಂದು ನಿಮ್ಮ ಪತ್ರದಿಂದ ತೋರುತ್ತದೆ.

'ನೀವೊಂದು ಕವಿತಾ ಬರದೀರೇನ್ರೀ?' ಈ ಪ್ರಶ್ನೆ ಪ್ರತಿ ವಿಮರ್ಶಕರಿಗೂ ಬರುತ್ತದೆ. ರಾತ್ರಿಯಿಡೀ ಬಯಲಾಟ ನೋಡುವ ನಮ್ಮ ಹಳ್ಳಿಗರು ಒಂದು ಪಾತ್ರವನ್ನೂ ಮಾಡಿರಲಿಕ್ಕಿಲ್ಲ. ಆದರೆ ದೃಶ್ಯ ಸಪ್ಪೆಯಾದ ಕೂಡಲೇ ಬೀಡಿ ಸೇದಲು ಎದ್ದು ಹೋಗುತ್ತಾರೆ, ಒಳ್ಳೆಯ ಪಾತ್ರಧಾರಿ ಬರುವ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಾರೆ. ಇದಕ್ಕಿಂತ ಖಚಿತವಾದ ವಿಮರ್ಶೆ ಇದೆಯಾ? ಹಾಗಂತ ಏನೂ ತಿಳಿಯದೆ ಬರೆಯಬಹುದು ಅಂತಲೂ ಅಲ್ಲ. ಅವರು ನೂರಾರು ಆಟ ನೋಡಿದವರು.

ನೋಡುವ ಕಣ್ಣು ತಯಾರಾಗಬೇಕು. ಅದಕ್ಕೆ ಆ ಕೆಲಸ ಹೇಗೆ ನಡೆಯುತ್ತದೆ ಎಂದು ಗೊತ್ತಿರಬೇಕು. ಬೀದರಿನ ಬಿದ್ರಿ ಕೆಲಸವನ್ನೇ ತೆಗೆದುಕೊಳ್ಳಿ. ಪ್ರದರ್ಶನ ನೋಡಿ ಬಂದವರು 'ಕಪ್ಪು ಬಿಳುಪಿನ ಅದ್ಭುತ ಲೋಕ' ಎಂದು ಬರೆಯುತ್ತಾರೆ. ಕೆಲಸ ನಡೆಯುವಲ್ಲಿ ಒಂದು ಮಧ್ಯಾಹ್ನ ಕೂತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಸತು ಜಾಸ್ತಿ, ತಾಮ್ರ ಕಮ್ಮಿ ಬೆರೆಸಿ ಎರಕ ಹೊಯ್ಯುತ್ತಾರೆ. ಅರ ಹಾಕಿ ಮೈ ನಯ ಮಾಡಿ, ಮೈಲುತುತ್ತದ ನೀರು ಹಚ್ಚುತ್ತಾರೆ. ಮೈ ಕಪ್ಪಗಾದ ಮೇಲೆ ಅದರ ಮೇಲೆ ಚಿತ್ರ ಗೀರುತ್ತಾರೆ. ಆ ಗೆರೆ ಹಿಡಿದು ಉಳಿಯಿಂದ ಕೊರೆದು, ಒಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣ. ಅದರಿಂದ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಇಷ್ಟು ತಿಳಿದವರು ಹೂದಾನಿಯ ಮುಂದೆ ನಿಂತಾಗ ಬೇರೆಯದೇ ನೋಡುತ್ತಾರೆ. ತಂತಿ ಗೆರೆಯಲ್ಲಿ ಸಮನಾಗಿ ಕೂತಿದೆಯಾ, ಬಳ್ಳಿ ತಿರುಗುವಲ್ಲಿ ಮೇಲೆದ್ದಿದೆಯಾ, ಕಪ್ಪು ಎಲ್ಲ ಕಡೆ ಒಂದೇ ಥರ ಹಿಡಿದಿದೆಯಾ, ಹಳೆಯ ಅಶ್ರಫಿ ಬೂಟಿಯ ವಿನ್ಯಾಸವನ್ನೇ ಮತ್ತೆ ಹಾಕಿದ್ದಾರಾ ಅಥವಾ ಹೊಸದೇನಾದರೂ ಯೋಚಿಸಿದ್ದಾರಾ? ಇವರು ಬರೆದ ನಾಲ್ಕು ಸಾಲು ಓದಿದರೆ, ಮುಂದಿನ ಸಲ ಪ್ರದರ್ಶನಕ್ಕೆ ಹೋದಾಗ ನಮಗೂ ಏನು ನೋಡಬೇಕು ಎಂದು ತಿಳಿಯುತ್ತದೆ.

ಅಳತೆಗೋಲಿನ ವಿಷಯವೂ ಇಲ್ಲೇ ಬರುತ್ತದೆ. ಎಸ್.ಎಂ. ಪಂಡಿತರು 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್‌ಗಳನ್ನೂ ಕ್ಯಾಲೆಂಡರ್ ಚಿತ್ರಗಳನ್ನೂ ಬರೆದ ಚಿತ್ರಕಾರರು. 'ಕ್ಯಾಲೆಂಡರ್ ಕಲೆ' ಎಂದು ಮೂಗು ಮುರಿದು ಪಕ್ಕಕ್ಕಿಟ್ಟರೆ ಅವರ ಚಿತ್ರಗಳಲ್ಲಿ ಮೈಯ ಮೇಲೆ ಬೆಳಕು ಬೀಳುವ ರೀತಿಯನ್ನೇ ನೋಡದೆ ಹೋಗುತ್ತೇವೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಬರೀ ಪುಟದ ಮೇಲೆ ಓದಿ, ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ ಎಂದು ದೂರುವುದೂ ಹೀಗೇ. ಏಕತಾರಿ ಹಿಡಿದು ಭಜನೆಯಲ್ಲಿ ಹಾಡಿದಾಗ ಅದೇ ಮಾತು ಪ್ರತಿ ಸಲ ಬೇರೆ ತೂಕ ಪಡೆಯುತ್ತದೆ. ಕೃತಿ ಏನು ಮಾಡಲು ಹೊರಟಿದೆ ಎಂದು ಮೊದಲು ತಿಳಿದುಕೊಳ್ಳಿ. ಮಾಡಿತಾ ಇಲ್ಲವಾ ಎನ್ನುವುದು ಆಮೇಲೆ. ಮಾಡುವಂಥದ್ದಾಗಿತ್ತಾ ಎಂದೂ ಕೇಳಬಹುದು, ಆದರೆ ಕೊನೆಗೆ.

'ಭಾಷೆ ಅಲ್ಲಲ್ಲಿ ಅಶುದ್ಧ' ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಮಾತಿನಲ್ಲಿ ಉರ್ದು, ಮರಾಠಿ, ತೆಲುಗು ಬೆರೆತಿವೆ, ಅದು ದೋಷವಲ್ಲ. ಕಲಬುರಗಿ ಸೀಮೆಯ ಮಾತಿನಲ್ಲಿ ಬರೆದ ಗೀತಾ ನಾಗಭೂಷಣ ಅವರ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೇಳಬೇಕಾದ ಪ್ರಶ್ನೆ ಬೇರೆ. ಆಡುಮಾತು ಕವಿತೆಗೆ ಏನು ಕೊಟ್ಟಿದೆ? ಮೇಲಿನ ಮೂರು ಸಾಲಿನಲ್ಲಿ 'ಮ್ಯಾಲ' ಎಂದು ಶುರು ಮಾಡಿದ ಕವಿ ಅವ್ವನನ್ನು ಹೊಗಳುವಾಗ ಗ್ರಾಂಥಿಕಕ್ಕೆ ಹಾರಿದ್ದು ಯಾಕೆ? ಹೀಗೆ ಕೇಳಿದರೆ ಆ ಕವಿತೆ ಎಲ್ಲಿ ದಾರಿ ತಪ್ಪಿತು ಎಂಬುದೇ ಸಿಗುತ್ತದೆ.

ಸಾಲು ಉದ್ಧರಿಸಲು ಅನುಮತಿ ಬೇಕಾ ಎಂದು ಬಹಳ ಜನ ಕೇಳುತ್ತಾರೆ. ಬೇಡ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮು ವಿಮರ್ಶೆಗಾಗಿ ನ್ಯಾಯವಾಗಿ ಬಳಸಲು ಅವಕಾಶ ಕೊಡುತ್ತದೆ. ನಾಲ್ಕಾರು ಸಾಲು ಎತ್ತಿಕೊಳ್ಳಿ. ಇಡೀ ಕವಿತೆಗಳ ಫೋಟೋ ತೆಗೆದು ಹಂಚಬೇಡಿ.

ಇನ್ನು ಗುರುಗಳ ವಿಷಯ. ಸುಮ್ಮನಿದ್ದುಬಿಡುವುದು ಒಂದು ದಾರಿ. ಕಾಲ ಕಳೆದರೆ ತಣ್ಣಗಾಗಬಹುದು. ಆದರೆ ನಡುವಿನವರು ಸುಮ್ಮನಿರುವುದಿಲ್ಲ, ಒಂದಕ್ಕೆರಡು ಸೇರಿಸುತ್ತಾರೆ. ಕ್ಷಮೆ ಕೇಳಿ ಪತ್ರಿಕೆಗೆ ಬರೆಯುವುದು ಇನ್ನೊಂದು ದಾರಿ. ಅದು ಬೇಡ. ಆಮೇಲೆ ನೀವು ಯಾರನ್ನು ಮೆಚ್ಚಿ ಬರೆದರೂ ಓದುಗರು ನಂಬುವುದಿಲ್ಲ. ಅದೇ ಸಂಕಲನದ ಬಗ್ಗೆ ಸಾಕ್ಷಿ ಸಮೇತ ಮತ್ತೊಮ್ಮೆ ಬರೆದರೆ ಹಗೆ ಸಾಧಿಸಿದಂತೆ ಕಾಣುತ್ತದೆ. ನಾನಾಗಿದ್ದರೆ ಪುಸ್ತಕ ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಒಬ್ಬರೇ ಹೋಗಿ, ಸಂಧಾನಕ್ಕೆ ಅಂತ ಯಾರನ್ನೂ ಕರೆದುಕೊಂಡು ಹೋಗಬೇಡಿ. ನಿಮಗೆ ನಿಜವಾಗಿ ಹಿಡಿಸಿದ ಎರಡು ಪುಟಗಳಿಗೆ, ಭಾಷಣ ಅನ್ನಿಸಿದ ಎರಡು ಪುಟಗಳಿಗೆ ಗುರುತು ಹಾಕಿಕೊಂಡಿರಿ. 'ಗುರುಗಳೇ, ಇದನ್ನ ಅಲ್ಲಿ ಬರೆಯಬೇಕಿತ್ತು, ಬರೆಯದೆ ಬರೀ ತೀರ್ಪು ಕೊಟ್ಟೆ' ಅನ್ನಿ. ಅಭಿಪ್ರಾಯ ಬದಲಾಯಿಸಬೇಡಿ. ಅವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಬಹುದು, ಅದಕ್ಕೂ ತಯಾರಿರಿ. ಕನ್ನಡ ಮೇಷ್ಟ್ರು, ಪುಟ ತೆರೆದರೆ ಮಾತಿಗೆ ಕೂರುತ್ತಾರೆ ಎಂದು ನನ್ನ ಅಂದಾಜು.

ಗುರುಗಳ, ಬೀಗರ, ಮೇಲಧಿಕಾರಿಗಳ ಪುಸ್ತಕ ಬಂದರೆ ಇನ್ನು ಮುಂದೆ 'ಬೇರೆಯವರಿಗೆ ಕೊಡಿ' ಎಂದು ಪತ್ರಿಕೆಯವರಿಗೆ ಹೇಳಿ. ಬರೆಯಲೇಬೇಕಾಗಿ ಬಂದರೆ ಸಂಬಂಧವನ್ನು ಲೇಖನದಲ್ಲೇ ಒಂದು ಸಾಲು ತಿಳಿಸಿಬಿಡಿ.

ನಾಟಕಕ್ಕೆ ಹೋಗಿ, ಬರೆಯಿರಿ. ಪಂಡಿತ್ ರಂಗಮಂದಿರದಲ್ಲಾಗಲಿ ಬೇರೆಲ್ಲಾಗಲಿ, ಟಿಕೆಟ್ ಇದ್ದರೆ ಕೊಂಡೇ ಒಳಗೆ ಹೋಗಿ. ಮುಂದಿನ ಸಾಲಿನ ಗಣ್ಯರ ಸೋಫಾ ಬೇಡ, ನಡುವೆ ಕೂರಿ. ಹಿಂದಿನವರಿಗೆ ಮಾತು ಕೇಳಿಸುತ್ತಿದೆಯಾ ಎಂಬುದು ಅಲ್ಲಿಂದ ಗೊತ್ತಾಗುತ್ತದೆ. ಮೈಕ್ ಕೈಕೊಟ್ಟರೆ ಅದನ್ನು ನಟರ ಲೆಕ್ಕಕ್ಕೆ ಹಾಕಬೇಡಿ. ಕತೆ ಹೇಳಲು ಒಂದು ಪ್ಯಾರಾ ಸಾಕು, ಕೊನೆ ಬಿಟ್ಟುಕೊಡಬೇಡಿ. ನಾಟಕಕಾರರು ಬರೆದದ್ದು ಯಾವುದು, ನಿರ್ದೇಶಕರು ಸೇರಿಸಿದ್ದು ಯಾವುದು ಎಂದು ಬೇರೆ ಮಾಡಲು ಮೊದಲೇ ನಾಟಕ ಓದಿಕೊಂಡು ಹೋಗಿ, ಅಚ್ಚಾಗಿಲ್ಲದಿದ್ದರೆ ತಂಡದವರನ್ನೇ ಕೇಳಿ. ಹವ್ಯಾಸಿ ತಂಡ ಅಂದಿರಿ. ಹಗಲು ಕೆಲಸ ಮಾಡಿ ಸಂಜೆ ತಾಲೀಮು ಮಾಡಿದವರು. ಮಾತು ಮರೆತ ನಟನನ್ನು ಹೆಸರು ಹಿಡಿದು ಆಡಿಕೊಳ್ಳಬೇಡಿ, ಒಂದಿಡೀ ದೃಶ್ಯ ಕುಸಿದಿದ್ದರೆ ಯಾಕೆ ಕುಸಿಯಿತು ಎಂದು ನಿರ್ದೇಶಕರಿಗೆ ಕೇಳಿ. 'ಎಲ್ಲ ಕಲಾವಿದರೂ ತಮ್ಮ ಪಾತ್ರಕ್ಕೆ ಜೀವ ತುಂಬಿದರು' ಎಂಬ ವಾಕ್ಯವನ್ನು ಇವತ್ತೇ ಮರೆತುಬಿಡಿ. ಒಬ್ಬ ನಟಿ ಒಂದು ದೃಶ್ಯದಲ್ಲಿ ಏನು ಮಾಡಿದಳು, ಕೈ ಎಲ್ಲಿತ್ತು, ಎಷ್ಟು ಹೊತ್ತು ಸುಮ್ಮನಿದ್ದಳು ಎಂದು ಬರೆಯಿರಿ. ಟಿಪ್ಪಣಿಯನ್ನು ಅದೇ ರಾತ್ರಿ ಮಾಡಿಕೊಳ್ಳಿ. ಲೇಖನ ಮರುದಿನ ಬರೆಯಿರಿ, ಕಳಿಸುವ ಮುಂಚೆ ಕಲಾವಿದರ ಹೆಸರುಗಳನ್ನು ಕರಪತ್ರದ ಜೊತೆ ತಾಳೆ ನೋಡಿ. ಹೆಸರು ತಪ್ಪಾಗಿ ಅಚ್ಚಾದರೆ ಮಾತ್ರ ಕಲಾವಿದರು ಸಿಟ್ಟಾಗುವುದು ನೂರಕ್ಕೆ ನೂರು ನ್ಯಾಯ.